ಲಿನಕ್ಸ್ ಮೇಲೆ ಗೂಢಲಿಪಿ ಇಮೇಲ್ ಮತ್ತು ವಿಪಿಎನ್: ಸಿಂಕ್ ಎಲ್ಲಿ ನಿಂತುಹೋಗುತ್ತದೆ, ಏಕೆ?

ಹಿನ್ನೀರು (ಹೊಸನಗರ ತಾಲ್ಲೂಕು), ಜುಲೈ 6

ಎಲ್ಲರಿಗೂ ನಮಸ್ಕಾರ. ನಾನು ಶರಾವತಿ ಹಿನ್ನೀರಿನ ಪಕ್ಕದ ಹಳ್ಳಿಯೊಂದರಲ್ಲಿದ್ದು, ತೋಟದ ಕೆಲಸದ ನಡುವೆ ಮನೆಯಿಂದಲೇ ಕ್ರಯಪತ್ರ, ವಿಭಾಗಪತ್ರ, ಉಯಿಲುಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಅನುವಾದಿಸಿ ಕೊಡುತ್ತೇನೆ. ಬೇರೆಯವರ ಮನೆಯ ಆಸ್ತಿ ವಿವರಗಳು ನನ್ನ ಇಮೇಲ್‌ನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತವಲ್ಲ ಎಂಬ ಅಳುಕಿನಿಂದ ಆರು ತಿಂಗಳ ಹಿಂದೆ ನಡುವಿನ ಕಂಪನಿಯೂ ಓದಲಾಗದಂಥ ಎಂಡ್-ಟು-ಎಂಡ್ ಗೂಢಲಿಪಿ ಒದಗಿಸುವ ಇಮೇಲ್ ಸೇವೆಯೊಂದಕ್ಕೆ ಹಣ ಕಟ್ಟಿ ಸೇರಿಕೊಂಡೆ. ನಮ್ಮ ಇಂಟರ್ನೆಟ್ ಸಂಚಾರವನ್ನು ಬೀಗ ಹಾಕಿದ ಸುರಂಗದೊಳಗೆ ಕಳಿಸುವ ವಿಪಿಎನ್ ಅನ್ನೂ ಬೇರೊಂದು ಕಂಪನಿಯಿಂದ ತೆಗೆದುಕೊಂಡೆ. ಹೆಸರು ಹಿಡಿದು ದೂರುವುದು ನನ್ನ ಉದ್ದೇಶವಲ್ಲವಾದ್ದರಿಂದ ಎರಡರ ಹೆಸರನ್ನೂ ಬರೆಯುತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಇದೆ. ಪತ್ರ ಓದಲು ಥಂಡರ್‌ಬರ್ಡ್. ಕೈಯಲ್ಲಿ ಆಂಡ್ರಾಯ್ಡ್ ಫೋನ್.

ತೊಂದರೆ ನಾಲ್ಕು ಬಗೆಯದು. ಥಂಡರ್‌ಬರ್ಡ್‌ಗೆ ನೇರವಾಗಿ ಪತ್ರ ಬರುವುದಿಲ್ಲ; ಕಂಪನಿ ಕೊಟ್ಟಿರುವ ಸೇತುವೆ ಪ್ರೋಗ್ರಾಮನ್ನು ಹಾಕಿಕೊಂಡರೆ ಬರುತ್ತದೆ, ಆದರೆ ಅದು ಯಂತ್ರ ಆರಿಸಿ ಹಚ್ಚಿದಾಗಲೆಲ್ಲ ನನ್ನನ್ನು ಮರೆತುಬಿಟ್ಟು ಮತ್ತೆ ಲಾಗಿನ್ ಕೇಳುತ್ತದೆ. ಕೆಲಸ ಒಪ್ಪಿಸಬೇಕಾದ ದಿನಾಂಕಗಳನ್ನು ಅವರ ಕ್ಯಾಲೆಂಡರಿನಲ್ಲಿ ಬರೆದರೆ ಅವು ಥಂಡರ್‌ಬರ್ಡ್‌ಗೆ ಇಳಿಯುವುದೇ ಇಲ್ಲ. ಕನ್ನಡದಲ್ಲಿ ಹುಡುಕಿದರೆ ಕಣ್ಣೆದುರಿಗೇ ಇರುವ ಪತ್ರವೂ ಕೆಲವೊಮ್ಮೆ ಸಿಗುವುದಿಲ್ಲ. ಇನ್ನು ಈ ಮಳೆಗಾಲ ಶುರುವಾದ ಮೇಲೆ, ಕರೆಂಟು ಹೋಗಿ ಬಂದ ನಂತರ ಎಷ್ಟೋ ಸಲ ಇಂಟರ್ನೆಟ್ಟೇ ಬರುವುದಿಲ್ಲ. ವಿಂಡೋಸ್ ಬಳಸುವ ನನ್ನ ತಂಗಿ ಅದೇ ಇಮೇಲ್ ಸೇವೆಯನ್ನು ಒಂದು ಮಾತೂ ಆಡದೆ ಬಳಸುತ್ತಿದ್ದಾಳೆ. ಇದು ಲಿನಕ್ಸ್‌ನ ದೋಷವೋ, ಸೇವೆಯ ದೋಷವೋ, ನನ್ನದೋ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ದುರ್ಗಿಗುಡಿ (ಶಿವಮೊಗ್ಗ), ಜುಲೈ 6

ಹಿನ್ನೀರು ಅವರೇ, ನಿಮ್ಮ ನಾಲ್ಕು ತೊಂದರೆಗಳಲ್ಲಿ ಲಿನಕ್ಸ್‌ಗೆ ಸೇರಿದ್ದು ಒಂದೂವರೆ ಎನ್ನಬಹುದು. ನಿಮ್ಮ ತಂಗಿಯವರು ಬ್ರೌಸರ್ ಅಥವಾ ಕಂಪನಿಯ ಆ್ಯಪ್‌ನಲ್ಲೇ ಪತ್ರ ಓದುತ್ತಿರಬಹುದು. ಅವರೂ ಥಂಡರ್‌ಬರ್ಡ್ ಹಾಕಿ ಕ್ಯಾಲೆಂಡರ್ ಸೇರಿಸಲು ಹೊರಟರೆ ನಿಮ್ಮ ಜಾಗಕ್ಕೇ ಬಂದು ನಿಲ್ಲುತ್ತಾರೆ.

ಮೂಲ ಕಾರಣವನ್ನು ಹೀಗೆ ನೋಡಬಹುದು. ಥಂಡರ್‌ಬರ್ಡ್ ಪತ್ರ ತರಿಸಿಕೊಳ್ಳುವುದು ಐಮ್ಯಾಪ್ ಎಂಬ ನಿಯಮಾವಳಿಯ ಮೂಲಕ. ಅದನ್ನು 1986ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದಾಗ, ಸರ್ವರ್ ಎಂದರೆ ಪತ್ರವನ್ನು ಓದಬಲ್ಲ, ಅದರೊಳಗೆ ಹುಡುಕಬಲ್ಲ, ಬೇಕಾದ ತುಂಡನ್ನಷ್ಟೇ ಕಳಿಸಬಲ್ಲ ಯಂತ್ರ ಎಂಬುದು ಪ್ರಶ್ನೆಯೇ ಇಲ್ಲದ ಸಂಗತಿಯಾಗಿತ್ತು. ಈಗ ನಮ್ಮ ಅಡಿಕೆ ಮಂಡಿಯ ಗೋದಾಮನ್ನು ನೆನೆಸಿಕೊಳ್ಳಿ. ಚೀಲದ ಬಾಯಿ ತೆರೆದಿದ್ದರೆ ಗುಮಾಸ್ತರು ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಕೂತಲ್ಲೇ ಹೇಳಬಲ್ಲರು. ನೀವು ಮನೆಯಲ್ಲೇ ಚೀಲ ಹೊಲಿದು, ಅರಗಿನ ಮೊಹರು ಹಾಕಿ ತಂದಿಟ್ಟರೆ ಅವರು ಹೇಳಬಲ್ಲದ್ದು ಚೀಲ ಎಷ್ಟು, ತೂಕ ಎಷ್ಟು, ಯಾವ ದಿನ ಬಂತು ಎಂಬುದಷ್ಟೇ. ಗೂಢಲಿಪಿ ಸೇವೆಗಳ ಸರ್ವರ್ ಈ ಎರಡನೆಯ ಗುಮಾಸ್ತರ ಸ್ಥಿತಿಯಲ್ಲಿದೆ. ಥಂಡರ್‌ಬರ್ಡ್ ಕೇಳುವ ಪ್ರಶ್ನೆಗಳಿಗೆ ಅದರ ಬಳಿ ಉತ್ತರವಿಲ್ಲ, ಮತ್ತು ಉತ್ತರ ಇಲ್ಲದಿರಲಿ ಎಂದೇ ನೀವು ಹಣ ಕಟ್ಟಿರುವುದು.

ಇದಕ್ಕೆ ಕಂಪನಿಗಳು ಎರಡು ದಾರಿ ಹಿಡಿದಿವೆ. ಪ್ರೋಟಾನ್ ಮೇಲ್‌ನವರು ಬ್ರಿಡ್ಜ್ ಎಂಬ ಸಣ್ಣ ಪ್ರೋಗ್ರಾಮ್ ಕೊಡುತ್ತಾರೆ. ಅದು ನಿಮ್ಮ ಲ್ಯಾಪ್‌ಟಾಪಿನೊಳಗೇ ಒಂದು ಪುಟ್ಟ ಐಮ್ಯಾಪ್ ಸರ್ವರ್ ಆಗಿ ಕುಳಿತು, ಸ್ವಿಟ್ಜರ್ಲೆಂಡಿನಿಂದ ಬಂದ ಮೊಹರಿನ ಚೀಲವನ್ನು ನಿಮ್ಮ ಮನೆಯಲ್ಲೇ ಬಿಚ್ಚಿ ಥಂಡರ್‌ಬರ್ಡ್‌ಗೆ ಬಡಿಸುತ್ತದೆ. ಪತ್ರ ಬರುವುದಕ್ಕೆ 1143, ಹೋಗುವುದಕ್ಕೆ 1025 ಎಂಬ ಪೋರ್ಟುಗಳು ರೂಢಿಯವು, ಪಾಸ್‌ವರ್ಡ್ ಕೂಡ ಬ್ರಿಡ್ಜ್ ತಾನೇ ಹುಟ್ಟಿಸಿಕೊಟ್ಟದ್ದು. ಇದು ಹಣ ಕಟ್ಟಿದವರಿಗೆ ಮಾತ್ರ. ಜರ್ಮನಿಯ ಹ್ಯಾನೋವರ್‌ನ ಟೂಟಾದವರು, ಅಂದರೆ 2023ರ ನವೆಂಬರ್‌ವರೆಗೆ ಟೂಟಾನೋಟಾ ಎಂದಿದ್ದವರು, ಐಮ್ಯಾಪ್ ಕೊಡುವುದಿಲ್ಲ, ಸೇತುವೆಯನ್ನೂ ಕೊಡುವುದಿಲ್ಲ. ನಮ್ಮ ಆ್ಯಪ್ ಬಳಸಿ ಎನ್ನುತ್ತಾರೆ, ಲಿನಕ್ಸ್‌ಗೂ ಆ್ಯಪ್‌ಇಮೇಜ್ ರೂಪದಲ್ಲಿ ಅದನ್ನು ಕೊಟ್ಟಿದ್ದಾರೆ. ಅಲ್ಲಿ ಪತ್ರದ ವಿಷಯದ ಸಾಲಿಗೂ ಬೀಗವಿದೆ. ಪ್ರೋಟಾನ್ ನಂಬಿರುವ ಓಪನ್‌ಪಿಜಿಪಿ ಎಂಬ ಗೂಢಲಿಪಿ ಪದ್ಧತಿಯಲ್ಲಿ ವಿಷಯದ ಸಾಲು ಎಂಡ್-ಟು-ಎಂಡ್ ಬೀಗದ ಹೊರಗೇ ಉಳಿಯುತ್ತದೆ. ನಿಮ್ಮಂಥವರು ವಿಷಯದ ಸಾಲಿನಲ್ಲಿ ಸರ್ವೆ ನಂಬರ್ ಬರೆಯುವ ಅಭ್ಯಾಸವಿದ್ದರೆ ಇಂದೇ ಬಿಡುವುದು ಒಳ್ಳೆಯದು.

ಸೇತುವೆ ನಿಮ್ಮನ್ನು ಮರೆಯುವುದರ ಕಾರಣ ಬೇರೆ, ಅರ್ಧ ಲಿನಕ್ಸ್‌ನದು. ಇಂಥ ಪ್ರೋಗ್ರಾಮುಗಳು ತಮ್ಮ ಕೀಲಿಯನ್ನು ಜಿನೋಮ್ ಕೀರಿಂಗ್‌ನಂಥ ಕೀಲಿಗೊಂಚಲಿನಲ್ಲಿ ಇಡುತ್ತವೆ, ಮತ್ತು ಆ ಗೊಂಚಲು ತೆರೆಯುವುದು ನೀವು ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಬರೆದಾಗ. ಯಂತ್ರ ಹಚ್ಚಿದೊಡನೆ ಪಾಸ್‌ವರ್ಡ್ ಕೇಳದೆ ನೇರ ಡೆಸ್ಕ್‌ಟಾಪ್‌ಗೆ ಹೋಗುವಂತೆ ನೀವು ಮಾಡಿಕೊಂಡಿದ್ದೀರಾ? ಹಾಗಿದ್ದರೆ ಗೊಂಚಲು ಮುಚ್ಚಿಯೇ ಇರುತ್ತದೆ, ಸೇತುವೆ ಖಾಲಿ ಕೈಯಲ್ಲಿ ಎದ್ದು ನಿಲ್ಲುತ್ತದೆ.

ಕೂಡಲಿ (ಭದ್ರಾವತಿ), ಜುಲೈ 7

ದುರ್ಗಿಗುಡಿಯವರು ಲಿನಕ್ಸ್ ಪಾಲನ್ನು ಒಂದೂವರೆ ಎಂದು ಅಳೆದದ್ದು ತೀರ ಉದಾರವಾಯಿತು. ಗೂಢಲಿಪಿಯ ಕಾರಣದಿಂದ ಬರುವ ಅಡಚಣೆ ಎಲ್ಲರಿಗೂ ಒಂದೇ, ಒಪ್ಪುತ್ತೇನೆ. ಆದರೆ ಸಾಲಿನ ಕೊನೆಗೆ ನಿಲ್ಲುವುದು ಪ್ರತಿಸಲವೂ ನಾವೇ ಏಕೆ? ಪ್ರೋಟಾನ್ ಡ್ರೈವ್‌ನ ಡೆಸ್ಕ್‌ಟಾಪ್ ಆ್ಯಪ್ ವಿಂಡೋಸ್‌ಗೂ ಮ್ಯಾಕ್‌ಗೂ 2023ರಲ್ಲೇ ಬಂತು. ಲಿನಕ್ಸ್‌ನವರು ಆ ಹೊತ್ತಿನಲ್ಲಿ ಕೈಯಲ್ಲಿ ಹಿಡಿದದ್ದು ಅದೇ ವರ್ಷ ಆರ್‌ಕ್ಲೋನ್ ಎಂಬ ಸ್ವತಂತ್ರ ಸಾಧನದೊಳಗೆ ಹೊರಗಿನವರು ಸೇರಿಸಿಕೊಟ್ಟ ದಾರಿಯನ್ನು. ಇಮೇಲ್‌ನ ಡೆಸ್ಕ್‌ಟಾಪ್ ಆ್ಯಪ್ 2024ರ ಮಾರ್ಚ್‌ನಲ್ಲಿ ಎಲ್ಲರಿಗೂ ತೆರೆದಾಗಲೂ ವಿಂಡೋಸ್ ಮತ್ತು ಮ್ಯಾಕ್‌ಗೆ ಪೂರ್ತಿ ಆವೃತ್ತಿ, ಲಿನಕ್ಸ್‌ಗೆ ಬೀಟಾ. ಸ್ವಾತಂತ್ರ್ಯ, ಮುಕ್ತ ತಂತ್ರಾಂಶ ಎಂದು ಜಾಹೀರಾತಿನಲ್ಲಿ ಬರೆಯುವವರು ಮುಕ್ತ ತಂತ್ರಾಂಶ ಬಳಸುವವರಿಗೆ ಎರಡನೇ ಪಂಕ್ತಿಯಲ್ಲಿ ಎಲೆ ಹಾಕುವುದು ನನಗಂತೂ ನುಂಗಲಾರದ ತುತ್ತು.

ದುರ್ಗಿಗುಡಿ, ಜುಲೈ 7

ಎರಡನೇ ಪಂಕ್ತಿ ಎಂಬುದು ನಿಜ. ಅವರ ಕಷ್ಟವನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. ಒಂದೇ ಆ್ಯಪನ್ನು ಡೆಬ್, ಆರ್‌ಪಿಎಂ, ಫ್ಲ್ಯಾಟ್‌ಪ್ಯಾಕ್ ಎಂದು ಬೇರೆ ಬೇರೆ ಕಟ್ಟುಗಳಾಗಿ ಕಟ್ಟಿಕೊಡಬೇಕು. ಒಂದು ಡೆಸ್ಕ್‌ಟಾಪಿನಲ್ಲಿ ಜಿನೋಮ್ ಕೀರಿಂಗ್ ಇದ್ದರೆ ಇನ್ನೊಂದರಲ್ಲಿ ಕೆವಾಲೆಟ್, ಮತ್ತೊಂದರಲ್ಲಿ ಏನೂ ಇಲ್ಲ. ವಿಪಿಎನ್ ವಿಷಯಕ್ಕೆ ಬಂದರೆ ಮಾತ್ರ ಲೆಕ್ಕ ತಿರುಗುಮುರುಗು. ವೈರ್‌ಗಾರ್ಡ್ ಎಂಬ ವಿಪಿಎನ್ ನಿಯಮಾವಳಿ ಹುಟ್ಟಿದ್ದೇ ಲಿನಕ್ಸ್ ಮೇಲೆ; 2020ರ ಮಾರ್ಚ್‌ನಲ್ಲಿ ಬಿಡುಗಡೆಯಾದ 5.6 ಆವೃತ್ತಿಯಿಂದ ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇದೆ. ಕಂಪನಿಯ ಆ್ಯಪ್ ಇಲ್ಲದೆಯೂ ಅವರ ಪುಟದಿಂದ ಒಂದು ಕಾನ್ಫಿಗ್ ಫೈಲ್ ಇಳಿಸಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ಮ್ಯಾನೇಜರ್‌ಗೆ ಕೊಟ್ಟರೆ ಸಂಪರ್ಕ ಸಿದ್ಧವಾಗುತ್ತದೆ. ಪ್ರೋಟಾನ್ ವಿಪಿಎನ್ ಮತ್ತು ಸ್ವೀಡನ್ನಿನ ಮುಲ್ವಾಡ್ ಎರಡೂ ಈ ಫೈಲನ್ನು ಕೊಡುತ್ತವೆ.

ಕೊನೆಗೌಡ (ತೀರ್ಥಹಳ್ಳಿ), ಜುಲೈ 7

ಕರೆಂಟು ಹೋಗಿ ಬಂದ ಮೇಲೆ ಇಂಟರ್ನೆಟ್ ಬಾರದ ಕಥೆಯನ್ನು ಓದಿ ನನಗೆ ಹೋದ ವರ್ಷದ ಆಷಾಢ ನೆನಪಾಯಿತು. ಸ್ವಲ್ಪ ಉದ್ದವಾದರೂ ಹೇಳುತ್ತೇನೆ, ಏಕೆಂದರೆ ನಿಮ್ಮದೂ ಇದೇ ಇರಬಹುದೆಂದು ನನ್ನ ಅನುಮಾನ.

ನಮ್ಮಲ್ಲಿ ಗಾಳಿಮಳೆ ಬಂದರೆ ಮರ ಬಿದ್ದು ಫೈಬರ್ ತಂತಿ ಹರಿಯುವುದು ಹೊಸತೇನಲ್ಲ. ಆ ದಿನ ಸಂಜೆ ಕರೆಂಟು ಹೋಗಿ, ಬ್ಯಾಟರಿ ಸತ್ತಿದ್ದ ನನ್ನ ಹಳೆಯ ಲ್ಯಾಪ್‌ಟಾಪು ಫಕ್ಕನೆ ಆರಿತು. ಬೆಳಿಗ್ಗೆ ಕರೆಂಟು ಬಂದು ಯಂತ್ರ ಹಚ್ಚಿದರೆ ವೈಫೈ ಚಿಹ್ನೆ ತುಂಬಿದೆ, ಒಂದು ಪುಟವೂ ತೆರೆಯುವುದಿಲ್ಲ. ತಂತಿಯೇ ಹೋಗಿದೆಯೆಂದು ಲೈನ್‌ಮನ್‌ಗೆ ಫೋನ್ ಮಾಡಿದೆ. ಪಾಪ, ಅವರು ಗೊರಬು ಹೊದ್ದ ಹಾಗೆ ಪ್ಲಾಸ್ಟಿಕ್ ಹೊದ್ದು, ಕಾಲಿಗೆ ಹತ್ತಿದ ಇಂಬಳ ಕಿತ್ತುಕೊಳ್ಳುತ್ತ ಬೈಕಿನಲ್ಲಿ ಬಂದರು. ಫೈಬರ್ ತಂತಿ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯ ದೀಪ ನೋಡಿದರು, ಹಸಿರು. ತಮ್ಮ ಫೋನನ್ನು ನಮ್ಮ ವೈಫೈಗೆ ಹಾಕಿದರು, ಸರಾಗವಾಗಿ ಓಡಿತು. ‘ಲೈನು ಸರಿ ಇದೆ ಮಾರಾಯ್ರೆ, ನಿಮ್ಮ ಮಿಷನ್ನೇ ಏನೋ ಹಟ ಮಾಡ್ತಿದೆ’ ಎಂದು ಕಾಫಿ ಕುಡಿದು ಹೋದರು. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಹಟ ಮಾಡುತ್ತಿದ್ದದ್ದು ವಿಪಿಎನ್ ಆ್ಯಪ್‌ನ ಕಿಲ್ ಸ್ವಿಚ್. ವಿಪಿಎನ್ ಕಡಿದುಹೋದ ಕ್ಷಣದಲ್ಲಿ ನಮ್ಮ ನಿಜವಾದ ವಿಳಾಸ ಹೊರಬೀಳದಿರಲೆಂದು ಕೆಲವು ಆ್ಯಪ್‌ಗಳು ನೆಟ್‌ವರ್ಕ್ ಮ್ಯಾನೇಜರ್‌ನೊಳಗೆ ಒಂದು ಸುಳ್ಳು ಸಂಪರ್ಕವನ್ನು ಹುಟ್ಟಿಸುತ್ತವೆ. ಅದಕ್ಕೆ ನಿಜವಾದ ವೈಫೈಗಿಂತ ಹೆಚ್ಚಿನ ಆದ್ಯತೆ ಇರುತ್ತದೆ, ಆದರೆ ಅದರ ಆ ತುದಿ ಎಲ್ಲಿಗೂ ಹೋಗುವುದಿಲ್ಲ. ಆ್ಯಪ್ ಕ್ರಮವಾಗಿ ಮುಚ್ಚಿದರೆ ತನ್ನ ಸುಳ್ಳು ಸಂಪರ್ಕವನ್ನು ತಾನೇ ಅಳಿಸಿ ಹೋಗುತ್ತದೆ. ಕರೆಂಟು ಹೋಗಿ ಯಂತ್ರ ಆರಿದರೆ ಅಳಿಸಲು ಯಾರೂ ಇರುವುದಿಲ್ಲ. ಮುಂದಿನ ಸಲ ಹಚ್ಚಿದಾಗ ನೀರೆಲ್ಲ ಆ ಕುರುಡು ಕಾಲುವೆಗೇ ಹರಿಯುತ್ತದೆ. ಟರ್ಮಿನಲ್‌ನಲ್ಲಿ ಎನ್‌ಎಂಸಿಎಲ್‌ಐ ಆದೇಶದಿಂದ ಸಂಪರ್ಕಗಳ ಪಟ್ಟಿ ತೆಗೆದಾಗ ವೈಫೈ ಹೆಸರಿನ ಪಕ್ಕದಲ್ಲಿ ಡಮ್ಮಿ ಎಂಬ ಬಗೆಯ, ನಾನೆಂದೂ ಹಾಕಿರದ ಒಂದು ಸಾಲು ಕುಳಿತಿತ್ತು. ಅದನ್ನು ಅಳಿಸಿದ ಮರುಗಳಿಗೆ ಪುಟ ತೆರೆಯಿತು. ಅಂದಿನಿಂದ ನಾನು ಆ್ಯಪ್ ಬಿಟ್ಟು ಬರಿಯ ವೈರ್‌ಗಾರ್ಡ್ ಫೈಲ್ ಬಳಸುತ್ತಿದ್ದೇನೆ. ಕಿಲ್ ಸ್ವಿಚ್ ಇಲ್ಲದ್ದು ಕೊರತೆಯೇ. ನನ್ನ ಕೆಲಸಕ್ಕೆ ಅದು ನಡೆಯುತ್ತದೆ.

ಕೆಲವು ಸೇವೆಗಳಲ್ಲಿ ಯಂತ್ರ ಮತ್ತೆ ಹಚ್ಚಿದ ಮೇಲೂ ತಡೆ ಉಳಿಯಲೆಂದೇ ಇರುವ ಆಯ್ಕೆಯೊಂದಿದೆ ಎಂಬುದನ್ನು ಗಮನಿಸಿ. ಮುಲ್ವಾಡ್‌ನಲ್ಲಿ ಅದರ ಹೆಸರು ಲಾಕ್‌ಡೌನ್ ಮೋಡ್. ಅದನ್ನು ಹಚ್ಚಿಟ್ಟು ಮರೆತರೆ ತಪ್ಪು ನಮ್ಮದು.

ಹಿನ್ನೀರು, ಜುಲೈ 8

ಕೊನೆಗೌಡರೇ, ನಿಮ್ಮ ಬರಹ ಓದಿ ಪಟ್ಟಿ ತೆಗೆದೆ. ಒಂದಲ್ಲ, ಎರಡು ಡಮ್ಮಿಗಳು ಕುಳಿತಿದ್ದವು. ಎರಡನೆಯದು ಇಂಟರ್ನೆಟ್ಟಿನ ಹೊಸ ವಿಳಾಸಪದ್ಧತಿಯಾದ ಐಪಿವಿ6 ಅನ್ನು ತಡೆಯುವುದಕ್ಕೆಂದು ಹುಟ್ಟಿಸಿದ್ದು ಎಂದು ಹೆಸರಿನಿಂದ ಗೊತ್ತಾಯಿತು. ಅಳಿಸಿದ ಮೇಲೆ ಸರಿಯಾಗಿದೆ. ದುರ್ಗಿಗುಡಿಯವರು ಊಹಿಸಿದ್ದೂ ನಿಜ. ಪಾಸ್‌ವರ್ಡ್ ಬರೆಯುವ ಸೋಮಾರಿತನಕ್ಕೆ ನೇರ ಲಾಗಿನ್ ಇಟ್ಟುಕೊಂಡಿದ್ದೆ. ತೆಗೆದ ಮೇಲೆ ಸೇತುವೆ ನನ್ನನ್ನು ಗುರುತು ಹಿಡಿಯುತ್ತಿದೆ.

ಈಗ ಹೊಸದೊಂದು ಕಂಡಿದೆ. ಆ್ಯಪ್ ತೆಗೆದು ವೈರ್‌ಗಾರ್ಡ್ ಫೈಲ್ ಹಾಕಿಕೊಂಡೆ. ಮನೆಯ ಫೈಬರಿನಲ್ಲಿ ಎಲ್ಲ ಸರಿ. ಫೋನಿನ ಹಾಟ್‌ಸ್ಪಾಟ್‌ಗೆ ಹೋದರೆ ಸಣ್ಣ ಪತ್ರಗಳು ಬರುತ್ತವೆ, ಸ್ಕ್ಯಾನ್ ಮಾಡಿದ ಕ್ರಯಪತ್ರ ಅಂಟಿಸಿದ ಪತ್ರ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಸಂಪರ್ಕ ಇದೆಯೇ ಎಂದು ನೋಡುವ ಪಿಂಗ್ ಮಾಡಿದರೆ ಉತ್ತರ ಬರುತ್ತದೆ.

ಕೊನೆಗೌಡ, ಜುಲೈ 8

ಇದು ಬಹುಪಾಲು ಎಂಟಿಯು, ಅಂದರೆ ಒಂದು ಸಲಕ್ಕೆ ಸಾಗಿಸಬಹುದಾದ ಪೊಟ್ಟಣದ ಗರಿಷ್ಠ ಅಳತೆಯ ತಕರಾರು. ಸಾಮಾನ್ಯ ಜಾಲದಲ್ಲಿ ಅದು 1500 ಬೈಟ್. ವೈರ್‌ಗಾರ್ಡ್ ಪ್ರತಿ ಪೊಟ್ಟಣಕ್ಕೂ ತನ್ನ ಹೊದಿಕೆ ಹೊದಿಸುತ್ತದೆ. ಹಳೆಯ ವಿಳಾಸಪದ್ಧತಿಯಾದ ಐಪಿವಿ4 ಆದರೆ 60 ಬೈಟ್, ಐಪಿವಿ6 ಆದರೆ 80. ಆದ್ದರಿಂದಲೇ ಅದು ಸುಮ್ಮನಿದ್ದರೆ 1420 ಎಂದು ಹಿಡಿದುಕೊಳ್ಳುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಕಂಪನಿಯ ಜಾಲ ಸೇರುವ ಪಿಪಿಪಿಒಇ ಲಾಗಿನ್ ಇರುವ ಫೈಬರಿನಲ್ಲಿ ದಾರಿಯೇ 1492ಕ್ಕೆ ಇಳಿದಿರುತ್ತದೆ. ಐಪಿವಿ4 ಮೇಲೆ ಹೋದರೆ 1432ರವರೆಗೆ ಜಾಗವಿದೆ, ಹಾಗಾಗಿ 1420 ತೂರುತ್ತದೆ. ಐಪಿವಿ6 ಮೇಲೆ ಹೋದರೆ 1412 ಮಾತ್ರ, ಆಗ ಎಂಟು ಬೈಟ್ ಹೆಚ್ಚಾಗುತ್ತದೆ. ಮೊಬೈಲ್ ಜಾಲದಲ್ಲಿ ದಾರಿ ಇನ್ನೂ ಕಿರಿದಾಗಿರಬಹುದು. ಪಿಂಗ್ ಸಣ್ಣ ಪೊಟ್ಟಣವಾದ್ದರಿಂದ ನುಸುಳಿಹೋಗುತ್ತದೆ, ದೊಡ್ಡ ಲಗತ್ತು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಕಾನ್ಫಿಗ್ ಫೈಲ್‌ನ ಇಂಟರ್‌ಫೇಸ್ ಭಾಗದಲ್ಲಿ ಎಂಟಿಯು 1280 ಎಂದು ಒಂದು ಸಾಲು ಸೇರಿಸಿ ನೋಡಿ. ಐಪಿವಿ6 ಜಾಲವೆಂದರೆ ಕನಿಷ್ಠ ಅಷ್ಟನ್ನು ಸಾಗಿಸಲೇಬೇಕೆಂಬ ನಿಯಮವಿರುವ ಅಳತೆ ಅದು. ವೇಗ ತುಸು ತಗ್ಗೀತು, ನಿಲ್ಲುವುದಿಲ್ಲ.

ಜೀರುಂಡೆ (ಸಾಗರ), ಜುಲೈ 9

ಕ್ಯಾಲೆಂಡರಿನ ಬಗ್ಗೆ ಯಾರೂ ಬರೆಯಲಿಲ್ಲ. ನನ್ನ ಅನುಭವದಲ್ಲಿ ಜನ ಈ ಸೇವೆಗಳನ್ನು ಬಿಟ್ಟು ಓಡಿಹೋಗುವುದು ಇಮೇಲ್‌ಗಾಗಿ ಅಲ್ಲ, ಕ್ಯಾಲೆಂಡರಿಗಾಗಿ.

ಕ್ಯಾಲೆಂಡರ್ ಹಂಚಿಕೊಳ್ಳಲು ಕ್ಯಾಲ್‌ಡ್ಯಾವ್, ವಿಳಾಸಪಟ್ಟಿಗೆ ಕಾರ್ಡ್‌ಡ್ಯಾವ್ ಎಂಬ ನಿಯಮಾವಳಿಗಳಿವೆ. ಮೊದಲನೆಯದು 2007ರಲ್ಲಿ, ಎರಡನೆಯದು 2011ರಲ್ಲಿ ಮಾನಕವಾದವು. ಪ್ರೋಟಾನ್‌ನ ಬ್ರಿಡ್ಜ್ ಸಾಗಿಸುವುದು ಪತ್ರಗಳನ್ನು ಮಾತ್ರ. ಕ್ಯಾಲೆಂಡರಾಗಲಿ ವಿಳಾಸಗಳಾಗಲಿ ಅದರ ಮೇಲೆ ದಾಟುವುದಿಲ್ಲ. ಕ್ಯಾಲೆಂಡರನ್ನು ಒಂದು ಕೊಂಡಿಯ ಮೂಲಕ ಹೊರಗೆ ತೋರಿಸಲು ಅವಕಾಶವಿದೆ, ಥಂಡರ್‌ಬರ್ಡ್‌ನಲ್ಲಿ ಅದನ್ನು ಸೇರಿಸಲೂಬಹುದು. ಆದರೆ ಅದು ಕಿಟಕಿಯ ಗಾಜು ಇದ್ದ ಹಾಗೆ, ನೋಡಬಹುದು, ಬರೆಯಲಾಗದು. ಟೂಟಾದಲ್ಲಿಯೂ ಕ್ಯಾಲೆಂಡರ್ ಅವರ ಆ್ಯಪ್‌ನೊಳಗೇ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಬರ್ಲಿನ್ನಿನ ಪೋಸ್ಟಿಯೋ ಮತ್ತು ಮೇಲ್‌ಬಾಕ್ಸ್ ಡಾಟ್ ಆರ್ಗ್ ಇವೆ. ಐಮ್ಯಾಪ್, ಕ್ಯಾಲ್‌ಡ್ಯಾವ್, ಕಾರ್ಡ್‌ಡ್ಯಾವ್ ಮೂರನ್ನೂ ಕೊಡುವುದರಿಂದ ಲಿನಕ್ಸ್‌ನಲ್ಲಿ ಯಾವ ಸೇತುವೆಯೂ ಇಲ್ಲದೆ ಅವು ಕೆಲಸ ಮಾಡುತ್ತವೆ. ಬೇಕೆಂದರೆ, ಒಳಬರುವ ಪ್ರತಿ ಪತ್ರಕ್ಕೂ ನಿಮ್ಮ ಸಾರ್ವಜನಿಕ ಕೀಲಿಯಿಂದ ಬೀಗ ಹಾಕಿಡುವ ಆಯ್ಕೆ ಎರಡರಲ್ಲೂ ಇದೆ. 2020ರ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್‌ನಲ್ಲೇ ಓಪನ್‌ಪಿಜಿಪಿ ಸೇರಿಕೊಂಡಿರುವುದರಿಂದ ಆ ಬೀಗ ತೆಗೆಯಲು ಹೊರಗಿನ ಸಾಧನ ಬೇಡ. ಆದರೆ ಪತ್ರ ಬಂದ ಕ್ಷಣಕ್ಕೆ ಸರ್ವರ್ ಅದನ್ನು ಓದಬಲ್ಲ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ನ್ಯಾಯವಾಗಿ ಹೇಳಬೇಕೆಂದರೆ ಸಾಮಾನ್ಯ ವಿಳಾಸಗಳಿಂದ ಬರುವ ಪತ್ರದ ಮಟ್ಟಿಗೆ ಪ್ರೋಟಾನ್, ಟೂಟಾಗಳ ಸ್ಥಿತಿಯೂ ಅದೇ. ನಿಮ್ಮ ಕಕ್ಷಿದಾರರು ಮಾಮೂಲಿ ಇಮೇಲ್‌ನಿಂದ ಕಳಿಸಿದ್ದರ ಒಂದು ಪ್ರತಿ ಅವರ ಕಡೆಯ ಸರ್ವರ್‌ನಲ್ಲಿ ಹೇಗೂ ತೆರೆದೇ ಇರುತ್ತದೆ.

ನಾನು ಮಾಡಿಕೊಂಡಿರುವುದನ್ನು ಹೇಳುತ್ತೇನೆ. ಅಟ್ಟದ ಕೆಳಗೆ, ಇನ್ವರ್ಟರ್ ಪಕ್ಕದಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇಟ್ಟು ಅದರ ಮೇಲೆ ರಾಡಿಕಾಲೆ ಎಂಬ ಪುಟ್ಟ ಕ್ಯಾಲ್‌ಡ್ಯಾವ್ ಸರ್ವರ್ ಹಾಕಿದ್ದೇನೆ. ಪ್ರತಿ ನೇಮಕವೂ ಅದರಲ್ಲಿ ಒಂದೊಂದು ಸಣ್ಣ ಪಠ್ಯದ ಫೈಲ್ ಆಗಿ ಕೂರುತ್ತದೆ. ಲ್ಯಾಪ್‌ಟಾಪಿನಲ್ಲಿ ಥಂಡರ್‌ಬರ್ಡ್, ಫೋನಿನಲ್ಲಿ ಡ್ಯಾವ್‌ಎಕ್ಸ್5 ಅದಕ್ಕೆ ಮಾತಾಡುತ್ತವೆ. ಹೊರಗಿನಿಂದಲೂ ತಲುಪಬೇಕೆಂದು ಮೊದಲು ವೈರ್‌ಗಾರ್ಡ್ ಕಟ್ಟಿದೆ. ಅಲ್ಲಿ ಒಂದು ಗೋಡೆ ಎದುರಾಯಿತು. ಆಂಡ್ರಾಯ್ಡ್‌ನಲ್ಲಿ ಒಂದು ಹೊತ್ತಿಗೆ ಒಂದೇ ವಿಪಿಎನ್ ಓಡಬಲ್ಲದು. ಮನೆಗೆ ಹೋಗುವ ಸುರಂಗ ತೆರೆದರೆ ಹಣ ಕಟ್ಟಿದ ವಿಪಿಎನ್ ಮುಚ್ಚುತ್ತದೆ. ಲಿನಕ್ಸ್‌ನಲ್ಲಿ ಈ ಕಟ್ಟಳೆ ಇಲ್ಲ. ಕಾನ್ಫಿಗ್ ಫೈಲ್‌ನ ಅಲೌಡ್ ಐಪಿ ಸಾಲಿನಲ್ಲಿ ಮನೆಯ ವಿಳಾಸಗಳಿಗೆ ಒಂದು ಸುರಂಗ, ಉಳಿದ ಲೋಕಕ್ಕೆ ಇನ್ನೊಂದು ಎಂದು ಬರೆದರೆ ಎರಡೂ ಒಟ್ಟಿಗೆ ಓಡುತ್ತವೆ. ಕೂಡಲಿಯವರು ಹೇಳಿದ ಎರಡನೇ ಪಂಕ್ತಿಯಲ್ಲಿ ಕುಳಿತೂ ನಮಗೆ ಹೀಗೊಂದು ಹೋಳಿಗೆ ಹೆಚ್ಚಿಗೆ ಬಿದ್ದಿದೆ.

ಕೊನೆಗೆ ನಾನು ಹೊರಗಿನ ದಾರಿಯನ್ನೇ ಕೈಬಿಟ್ಟೆ. ಫೋನಿನಲ್ಲಿ ಬರೆದ ದಿನಾಂಕ ಫೋನಿನಲ್ಲೇ ಇರುತ್ತದೆ, ಸಂಜೆ ಮನೆಯ ವೈಫೈ ಸಿಕ್ಕಿದಾಗ ಪೈ ಯಂತ್ರಕ್ಕೆ ಹೋಗುತ್ತದೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ದಿನಕ್ಕೊಮ್ಮೆ ಸಿಂಕ್ ಆದರೆ ನಮ್ಮ ಜೀವನಕ್ಕೆ ಸಾಕಾಗಿದೆ. ದೊಡ್ಡ ಕಡತಗಳಿಗೆ, ಯಂತ್ರದಿಂದ ಯಂತ್ರಕ್ಕೆ ನೇರವಾಗಿ ಸಿಂಕ್ ಮಾಡುವ ಸಿಂಕ್‌ಥಿಂಗ್ ಇಟ್ಟಿದ್ದೇನೆ. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿತು, ಬೇರೆಯವರು ಕವಲೊಡೆಸಿ ಮುಂದುವರಿಸಿರುವ ಆವೃತ್ತಿ ಬಳಸಬೇಕು. ಒಂದೇ ಕಡತವನ್ನು ಎರಡು ಕಡೆ ತಿದ್ದಿದರೆ ಅದು ಎರಡನ್ನೂ ಉಳಿಸಿ, ಒಂದರ ಹೆಸರಿಗೆ ಸಿಂಕ್-ಕಾನ್‌ಫ್ಲಿಕ್ಟ್ ಎಂಬ ಬಾಲ ಅಂಟಿಸುತ್ತದೆ. ವಿಭಾಗಪತ್ರ ಅನುವಾದಿಸುವವರು ಆ ಬಾಲವನ್ನು ಗಮನಿಸಲೇಬೇಕು.

ಕೂಡಲಿ, ಜುಲೈ 9

ಜೀರುಂಡೆಯವರ ಹೋಳಿಗೆಯನ್ನು ಒಪ್ಪಿಕೊಂಡೆ. ಇನ್ನೊಂದು ಸಂಗತಿಯನ್ನು ಸೇರಿಸಬೇಕು, ಇದು ತಂತ್ರಾಂಶದ್ದಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಅವರಿಗೆ ಕೊಟ್ಟ ಐಪಿ ವಿಳಾಸಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಅದು ಜಾರಿಗೆ ಬಂದ ಸೆಪ್ಟೆಂಬರ್ ಹೊತ್ತಿಗೆ ಹಲವು ಕಂಪನಿಗಳು ಭಾರತದೊಳಗಿನ ಸರ್ವರ್‌ಗಳನ್ನು ತೆಗೆದವು. ಪ್ರೋಟಾನ್ ವಿಪಿಎನ್‌ನಲ್ಲಿ ಭಾರತ ಎಂದು ಆರಿಸಿಕೊಂಡರೂ ಯಂತ್ರ ಕುಳಿತಿರುವುದು ಸಿಂಗಪುರದಲ್ಲಿ. ಶಿವಮೊಗ್ಗದ ಪುಟವೊಂದನ್ನು ಶಿವಮೊಗ್ಗದಲ್ಲಿ ಕುಳಿತು ತೆರೆಯಲು ಸಮುದ್ರ ದಾಟಿ ಬರಬೇಕಾದ್ದರಿಂದ ಆಗುವ ನಿಧಾನಕ್ಕೆ ಲಿನಕ್ಸನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಇಮೇಲ್‌ನ ಮಟ್ಟಿಗೆ, 2025ರ ಏಪ್ರಿಲ್ 29ರಂದು ನಮ್ಮ ಕರ್ನಾಟಕ ಹೈಕೋರ್ಟೇ, ಅಶ್ಲೀಲ ಇಮೇಲ್‌ಗಳ ದೂರಿನ ಪ್ರಕರಣವೊಂದರಲ್ಲಿ, ಪ್ರೋಟಾನ್ ಮೇಲನ್ನು ದೇಶದಲ್ಲಿ ತಡೆಯಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ನಿನಡಿ ಕ್ರಮ ಆರಂಭಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ಕೊಟ್ಟಿತು. ಯಾವ ಸೇವೆಗೆ ಯಾವ ದಿನ ಏನಾಗುತ್ತದೆಂದು ಹೇಳಲಾಗದ ಮೇಲೆ, ವಿಳಾಸ ಸೇವೆಯ ಹೆಸರಿನಲ್ಲಿ ಇರಬಾರದು, ನಿಮ್ಮದೇ ಡೊಮೇನ್ ಹೆಸರಿನಲ್ಲಿ ಇರಬೇಕು. ಆಗ ಡಿಎನ್‌ಎಸ್‌ನಲ್ಲಿ ಪತ್ರ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಬದಲಿಸಿದರೆ ಅದೇ ವಿಳಾಸಕ್ಕೆ ಬರುವ ಪತ್ರ ಬೇರೆ ಸೇವೆಗೆ ಹೋಗುತ್ತದೆ. ಪೋಸ್ಟಿಯೋದಲ್ಲಿ ಸ್ವಂತ ಡೊಮೇನ್‌ಗೆ ಅವಕಾಶವಿಲ್ಲ. ಪ್ರೋಟಾನ್, ಟೂಟಾ, ಮೇಲ್‌ಬಾಕ್ಸ್ ಮೂರರಲ್ಲೂ ಹಣ ಕಟ್ಟಿದವರಿಗೆ ಇದೆ. ಹಳೆಯ ಪತ್ರಗಳ ಪ್ರತಿಯನ್ನೂ ಆಗಾಗ ಇಳಿಸಿಟ್ಟುಕೊಳ್ಳಿ; ಪ್ರೋಟಾನ್‌ನವರ ರಫ್ತು ಸಾಧನ ಲಿನಕ್ಸ್‌ನಲ್ಲೂ ಓಡುತ್ತದೆ.

ದುರ್ಗಿಗುಡಿ, ಜುಲೈ 10

ಕನ್ನಡ ಹುಡುಕಾಟ ಬಾಕಿ ಉಳಿದಿದೆ. ಸರ್ವರ್‌ಗೆ ಪತ್ರ ಓದಲು ಬಾರದಿರುವುದರಿಂದ ಪತ್ರದ ಒಡಲಿನಲ್ಲಿ ಹುಡುಕುವ ಕೆಲಸ ನಿಮ್ಮ ಯಂತ್ರದ್ದೇ. ಎಲ್ಲ ಪತ್ರಗಳನ್ನೂ ಇಳಿಸಿಕೊಂಡು ಬಿಚ್ಚಿ ಸೂಚಿ ಕಟ್ಟಿದ ಮೇಲೆಯೇ ಅದು ಸಾಧ್ಯ. ಪ್ರೋಟಾನ್‌ನ ಜಾಲಪುಟದಲ್ಲಿ ಇದನ್ನು ನೀವೇ ಹಚ್ಚಬೇಕು. ಸೂಚಿ ಬ್ರೌಸರಿನೊಳಗೆ ಇರುತ್ತದೆ. ಬ್ರೌಸರಿನ ದತ್ತಾಂಶ ಅಳಿಸಿದರೆ ಸೂಚಿಯೂ ಹೋಗುತ್ತದೆ.

ಸೂಚಿ ಇದ್ದೂ ಸಿಗದಿದ್ದರೆ ಅಕ್ಷರಗಳನ್ನೇ ಅನುಮಾನಿಸಬೇಕು. ‘ರಿಜಿಸ್ಟರ್‌ನಲ್ಲಿ’ ಎಂದು ಬರೆಯುವಾಗ ರ್ ಮತ್ತು ನ ನಡುವೆ, ಒತ್ತಕ್ಷರ ಆಗದಿರಲೆಂದು, ಕಣ್ಣಿಗೆ ಕಾಣದ ಒಂದು ಸಂಕೇತ ಕೂರುತ್ತದೆ. ಕಕ್ಷಿದಾರರ ಕೀಲಿಮಣೆ ಅದನ್ನು ಹಾಕಿ ನಿಮ್ಮದು ಹಾಕದಿದ್ದರೆ ಎರಡೂ ಬೇರೆ ಪದಗಳು. ‘ಕಾರ್ಯ’ ಎಂಬುದನ್ನು ಅರ್ಕಾವತ್ತಿನಿಂದಲೂ ಬರೆಯಬಹುದು, ರ ಅಕ್ಷರಕ್ಕೆ ಯ ಒತ್ತು ಕೊಟ್ಟೂ ಬರೆಯಬಹುದು. ಒಳಗಿನ ಸಂಕೇತಗಳ ಸಾಲು ಬೇರೆ ಬೇರೆ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ, ಯುನಿಕೋಡ್ ಅಲ್ಲದ ದಾಖಲೆಯಂತೂ ಕಂಪ್ಯೂಟರಿನ ಪಾಲಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆದ್ದರಿಂದ ಇಡೀ ಪದ ಬರೆಯದೆ ‘ರಿಜಿಸ್ಟ’ ಎಂದಷ್ಟೇ ಬರೆದು ಹುಡುಕಿ ನೋಡಿ. ಪದದ ತುಂಡನ್ನು ಒಪ್ಪುವ ಹುಡುಕಾಟವಾದರೆ ಸಿಗುತ್ತದೆ. ದಸ್ತಾವೇಜಿನ ಸಂಖ್ಯೆ ನೆನಪಿದ್ದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬಹುಮುಖ್ಯವಾದ ಮಾತೊಂದು ಈಗ ಹೊಳೆಯಿತು, ಮೊದಲೇ ಹೇಳಬೇಕಾಗಿತ್ತು. ಬ್ರಿಡ್ಜ್ ತನ್ನ ಬಳಿಯ ಪ್ರತಿಯನ್ನು ಬೀಗ ಹಾಕಿಯೇ ಇಡುತ್ತದೆ. ಥಂಡರ್‌ಬರ್ಡ್ ಹಾಗಲ್ಲ, ಸೇತುವೆ ಬಿಚ್ಚಿಕೊಟ್ಟ ಪತ್ರವನ್ನು ಅದು ನಿಮ್ಮ ಹೋಮ್ ಫೋಲ್ಡರಿನೊಳಗೆ ಬರಿಯ ಪಠ್ಯವಾಗಿ ಬರೆದಿಡುತ್ತದೆ. ಇಡೀ ಡಿಸ್ಕಿಗೆ ಬೀಗ ಹಾಕುವ ಲಕ್ಸ್ ಎಂಬ ಗೂಢಲಿಪಿ ಹಾಕಿರದಿದ್ದರೆ ಲ್ಯಾಪ್‌ಟಾಪು ಕದ್ದವನು ಯಾವ ಪಾಸ್‌ವರ್ಡೂ ಇಲ್ಲದೆ ಎಲ್ಲರ ಕ್ರಯಪತ್ರ ಓದಬಹುದು. ಇನ್ನೊಂದು, ‘ಆಲ್ ಮೇಲ್’ ಎಂಬ ಫೋಲ್ಡರ್ ಇರುವ ಪತ್ರಗಳನ್ನೆಲ್ಲ ಮತ್ತೊಮ್ಮೆ ತೋರಿಸುವುದರಿಂದ ಥಂಡರ್‌ಬರ್ಡ್ ಅದನ್ನೂ ಇಳಿಸಿ ಜಾಗ ಇಮ್ಮಡಿ ತಿನ್ನುತ್ತದೆ. ಬ್ರಿಡ್ಜ್‌ನ ಆಯ್ಕೆಗಳಲ್ಲಿ ಅದನ್ನು ಮರೆಮಾಡಬಹುದು.

ಹಿನ್ನೀರು, ಆಗಸ್ಟ್ 3

ಎಲ್ಲರಿಗೂ ಋಣಿ. ಈ ಮೂರು ವಾರಗಳಲ್ಲಿ ಆದದ್ದನ್ನು ಹೇಳುತ್ತೇನೆ. ಎಂಟಿಯು 1280 ಹಾಕಿದ ಮೇಲೆ ಹಾಟ್‌ಸ್ಪಾಟ್‌ನಲ್ಲಿ ಹದಿನೆಂಟು ಪುಟದ ಉಯಿಲು ಒಂದೇ ಸಲಕ್ಕೆ ಇಳಿಯಿತು. ಗೂಢಲಿಪಿ ಸೇವೆಯನ್ನು ಬಿಡಲಿಲ್ಲ, ಆದರೆ ಅದಕ್ಕೆ ಕಕ್ಷಿದಾರರ ಪತ್ರಗಳನ್ನಷ್ಟೇ ಒಪ್ಪಿಸಿದ್ದೇನೆ. ಕರೆಂಟಿನ ಬಿಲ್ಲು, ಸೊಸೈಟಿಯ ನೋಟೀಸು, ಮದುವೆ ಕರೆಯೋಲೆಗಳು ಹಳೆಯ ವಿಳಾಸಕ್ಕೇ ಬರಲಿ ಎಂದು ಬಿಟ್ಟೆ. ಅದರಿಂದ ಸೇತುವೆಯ ಮೇಲಿನ ಹೊರೆಯೂ ಇಳಿಯಿತು. ಡೊಮೇನ್ ಹೆಸರು ಕೊಂಡಾಗಿದೆ. ಕ್ಯಾಲೆಂಡರ್ ಜೀರುಂಡೆಯವರ ಮಾದರಿಯಲ್ಲೇ ಸಂಜೆಗೊಮ್ಮೆ ಸಿಂಕ್ ಆಗುತ್ತಿದೆ. ಪೈ ಯಂತ್ರದ ಡಬ್ಬಿಯೊಳಗೆ ಇರುವೆ ಸೇರಿಕೊಂಡದ್ದು ಬಿಟ್ಟರೆ ಬೇರೆ ತಕರಾರಿಲ್ಲ.

ಉಳಿದಿರುವುದು ಡಿಸ್ಕಿನ ಗೂಢಲಿಪಿ. ಅದಕ್ಕೆ ಎಲ್ಲವನ್ನೂ ಪ್ರತಿ ತೆಗೆದು ಡೆಬಿಯನ್ ಮತ್ತೆ ಹಾಕಬೇಕು. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಈ ದಿನಗಳಲ್ಲಿ ಅದಕ್ಕೆ ಕೈಹಾಕುವ ಧೈರ್ಯವಾಗಲಿಲ್ಲ. ಅಲ್ಲಿಯವರೆಗೆ ಲ್ಯಾಪ್‌ಟಾಪು ರಾತ್ರಿ ಕಬ್ಬಿಣದ ಬೀರುವಿನಲ್ಲಿ, ಜಮೀನಿನ ಮೂಲಪತ್ರಗಳ ಜೊತೆಗೆ ಮಲಗುತ್ತದೆ.

ಕೊನೆಗೌಡ, ಆಗಸ್ಟ್ 3

ನವರಾತ್ರಿಯ ಹೊತ್ತಿಗೆ ಮಳೆ ಬಿಟ್ಟೀತು, ಆಗ ಮಾಡಿ. ಕೊನೆಕೊಯ್ಲು ಶುರುವಾದರೆ ಮತ್ತೆ ನಿಮಗೂ ಪುರುಸೊತ್ತಿರುವುದಿಲ್ಲ, ಕೇಳಿದರೆ ಉತ್ತರಿಸಲು ನನಗೂ ಇರುವುದಿಲ್ಲ.